ಡಿಮ್ ಮಾಡಿ ಸ್ವಾಮಿ

ಬೈಕು ಕೊಳ್ಳಲು ರಾಯದುರ್ಗಕ್ಕೆ ಹೋದವರು ಮೈಲೇಜ್ ಕೇಳುತ್ತಾರೆ, ಬಣ್ಣ ಆರಿಸುತ್ತಾರೆ, ಕಂತಿನ ಲೆಕ್ಕ ಹಾಕಿಸುತ್ತಾರೆ. ಹೆಡ್‌ಲೈಟಿನ ಮಾತು ಬಂದರೆ ಒಂದೇ ಪ್ರಶ್ನೆ: ಎಷ್ಟು ದೂರ ಕಾಣುತ್ತದೆ? ಎದುರಿಗೆ ಬರುವವನ ಕಣ್ಣಿಗೆ ಎಷ್ಟು ಹೊಡೆಯುತ್ತದೆ ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಭೈರವಾನಿತಿಪ್ಪದ ಸುತ್ತಿನ ರಸ್ತೆಗಳಲ್ಲಿ ಇರುಳು ಹೊತ್ತು ಓಡಾಡಿಯೇ ತಲೆ ನೆರೆತ ನನಗೆ ಈ ಎರಡನೆಯ ಪ್ರಶ್ನೆಯೇ ದೊಡ್ಡದು. ಹೆಡ್‌ಲೈಟು ಮಾಡಿದವರ ಬುದ್ಧಿ ಬೆಳಕು ಚೆಲ್ಲುವುದರಲ್ಲಿ ಎಷ್ಟು ಖರ್ಚಾಗಿದೆಯೋ, ಅದಕ್ಕಿಂತ ಹೆಚ್ಚು ಅದನ್ನು ತಡೆಯುವುದರಲ್ಲಿ ಖರ್ಚಾಗಿದೆ.

ದೀಪದ ಮಾತಿಗೆ ಮೊದಲು ರಸ್ತೆಯ ಸ್ವಭಾವ ಹೇಳಬೇಕು. ವೇದಾವತಿಯನ್ನು ನಾವು ಹಗರಿ ಎನ್ನುತ್ತೇವೆ. ಅದಕ್ಕೆ ಅಡ್ಡ ಕಟ್ಟಿದ ಅಣೆಕಟ್ಟು ಬಿ.ಟಿ. ಪ್ರಾಜೆಕ್ಟು, ಬಿ.ಟಿ. ಎಂದರೆ ಭೈರವಾನಿತಿಪ್ಪ. ಇಲ್ಲಿನ ಹಳ್ಳಿಗಳಿಂದ ಒಂದು ದಾರಿ ರಾಯದುರ್ಗಕ್ಕೆ, ಒಂದು ಕಲ್ಯಾಣದುರ್ಗಕ್ಕೆ, ಇನ್ನೊಂದು ಗಡಿ ದಾಟಿ ಚಳ್ಳಕೆರೆ ಸೀಮೆಗೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ನೆಂಟಸ್ತಿಕೆ, ಸಂತೆ, ಜಾತ್ರೆಗಳು ಮಾತ್ರ ಯಾವ ಗೆರೆಯನ್ನೂ ನೋಡದೆ ಮೊದಲಿನ ಹಾಗೇ ನಡೆದುಕೊಂಡು ಬಂದಿವೆ. ರಾತ್ರಿ ನನ್ನ ಮುಂದೆ ಹೋಗುವ ಗಾಡಿಯ ಮೇಲೆ ಬೆಳಕು ಬಿದ್ದರೆ ಒಮ್ಮೆ ಎಪಿ 02 ಕಾಣುತ್ತದೆ, ಒಮ್ಮೆ ಕೆಎ 16, ಒಮ್ಮೆ ಕೆಎ 34. ಕೆಳಗೆ ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ ಕಡೆಗೆ ಹೋದರೆ ತುಮಕೂರಿನ ಕೆಎ 06, ಮಧುಗಿರಿಯ ಕೆಎ 64.

ಬೀದಿದೀಪ ಊರಬಾಗಿಲಿಗೇ ಮುಗಿಯುತ್ತದೆ. ಆಮೇಲೆ ಒಂದೇ ಗಾಡಿ ಅಗಲದ ಟಾರು, ಅಂಚು ಕಿತ್ತುಹೋದದ್ದು. ಎರಡೂ ಬದಿಯಲ್ಲಿ ಮುಖಕ್ಕೆ ಬಡಿಯುವಷ್ಟು ಬಾಗಿದ ಬಳ್ಳಾರಿ ಜಾಲಿ. ದೂರದ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳ ಕೆಂಪು ದೀಪ ಮಿಣುಕುತ್ತವೆ. ಅವು ವಿಮಾನಕ್ಕೆ, ನಮಗಲ್ಲ. ರಸ್ತೆಯ ಮೇಲೆ ಏನುಂಟು, ಏನಿಲ್ಲ? ಹಿಂದೆ ದೀಪವಿಲ್ಲದ ಎತ್ತಿನಗಾಡಿ. ಕುರಿಮಂದೆ. ಸುಗ್ಗಿಯಲ್ಲಿ ಗಾಡಿಗಳು ಹತ್ತಿ ತುಳಿಯಲಿ ಎಂದು ಹರಡಿದ ರಾಗಿ ತೆನೆ, ಹುರುಳಿ, ಅದರ ಸುತ್ತ ಕಾವಲಿಗೆ ಇಟ್ಟ ಕಲ್ಲುಗುಂಡು. ಸೀತಾಫಲದ ಕಾಲದಲ್ಲಿ ಗುಡ್ಡ ಇಳಿದು ಬರುವ ಕರಡಿ. ಗಾರ್ಮೆಂಟ್ಸಿನಲ್ಲಿ ದಿನವಿಡೀ ಜೀನ್ಸ್ ಹೊಲಿದು ಮನೆಗೆ ಮರಳುವ ಹೆಣ್ಣುಮಕ್ಕಳು ಅಣ್ಣನ ಬೈಕಿನ ಹಿಂದೆ ಕೂತು ಬರುವುದೂ ಇದೇ ರಸ್ತೆಯಲ್ಲಿ.

ಈ ರಸ್ತೆಗೆ ದೀಪವನ್ನು ಮನೆಮನೆಗೆ ತಂದದ್ದು ಮೊಪೆಡ್ಡು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಆಮೇಲೆ ಅದೇ ಕಾರ್ಖಾನೆಯ ಯೆಜ್ಡಿ, ಅನುಕೂಲಸ್ಥರ ಮನೆಯ ಗಾಡಿಗಳಾಗಿದ್ದವು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂದ ಮೇಲೆ ಶೇಂಗಾ ಬೆಳೆಯುವವನ ಅಂಗಳದಲ್ಲೂ ಹೆಡ್‌ಲೈಟು ಕಾಣಿಸಿತು. ಆ ಮೊಪೆಡ್ಡಿನ ದೀಪಕ್ಕೆ ಬ್ಯಾಟರಿಯ ಆಸರೆ ಇರಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಮ್ಯಾಗ್ನೆಟ್ಟು ಅಂಟಿಸಿದ ಚಕ್ರವೊಂದು ತಾಮ್ರದ ಕಾಯಿಲಿನ ಸುತ್ತ ತಿರುಗುತ್ತದೆ. ಕಾಯಿಲಿನಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದು ನೇರ ಬಲ್ಬಿಗೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವ, ಸೈಕಲ್ಲಿನ ಡೈನಮೋದಲ್ಲಿ ಇದ್ದದ್ದೂ ಅದೇ. ಚಕ್ರ ಜೋರಾಗಿ ತಿರುಗಿದರೆ ವೋಲ್ಟೇಜು ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ಹಾಗಾಗಿ ಗುಂಡಿ ಬಂತೆಂದು ಆಕ್ಸಿಲೇಟರ್ ಬಿಟ್ಟರೆ ಆ ಗುಂಡಿಯೇ ಕಾಣದಾಗುತ್ತಿತ್ತು. ಚಿಕ್ಕಪ್ಪ ಕ್ಲಚ್ ಹಿಡಿಯುವ ಗೊಡವೆಯಿಲ್ಲದ ಆ ಗಾಡಿಯನ್ನು ಬ್ರೇಕ್ ಒತ್ತಿಕೊಂಡೇ ರೇಸ್ ಮಾಡುತ್ತ ಗುಂಡಿ ದಾಟಿಸುತ್ತಿದ್ದರು. ಬೆಳಕು ಬೇಕಾದಾಗ ಎಂಜಿನ್ನನ್ನು ಕೂಗಿಸಬೇಕು ಎಂಬುದು ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತಿತ್ತು.

ಬಲ್ಬು ವೋಲ್ಟೇಜಿಗೆ ಎಷ್ಟು ಸೂಕ್ಷ್ಮ ಎಂಬುದನ್ನು ಲೆಕ್ಕದಲ್ಲಿ ನೋಡಿದರೆ ಆಶ್ಚರ್ಯವಾಗುತ್ತದೆ. ತಂತಿಯ ಬಲ್ಬಿಗೆ ಸಿಗುವ ವೋಲ್ಟೇಜು ನೂರಕ್ಕೆ ಹತ್ತರಷ್ಟು ಇಳಿದರೆ ಬೆಳಕು ಇಳಿಯುವುದು ಹತ್ತರಷ್ಟಲ್ಲ, ಸುಮಾರು ಮೂವತ್ತರಷ್ಟು. ಅದೇ ಹತ್ತರಷ್ಟು ಏರಿದರೆ ಬಲ್ಬಿನ ಆಯುಸ್ಸು ಸುಮಾರು ಮೂರನೇ ಒಂದು ಭಾಗಕ್ಕೆ ಬರುತ್ತದೆ. ಆ ಹಳೆಯ ಗಾಡಿಗಳಲ್ಲಿ ಮುಂದಿನ ಬಲ್ಬು ಸುಟ್ಟರೆ ಹಿಂದಿನ ಕೆಂಪು ದೀಪವೂ ಮರುಗಳಿಗೆಯಲ್ಲಿ ಸುಡುತ್ತಿತ್ತು: ಇಬ್ಬರು ಹಂಚಿಕೊಳ್ಳಬೇಕಾದ ಕರೆಂಟು ಒಬ್ಬನ ಮೇಲೇ ಬೀಳುತ್ತಿತ್ತಲ್ಲ! ಮುಂದೆಯೂ ಕತ್ತಲು, ಹಿಂದೆಯೂ ಕತ್ತಲು. ಆಮೇಲೆ 12 ವೋಲ್ಟಿನ ಗಾಡಿಗಳು ಬಂದವು, ಮೆಕ್ಯಾನಿಕ್ಕುಗಳು ಆರ್‌ಆರ್ ಯೂನಿಟ್ ಎನ್ನುವ ರೆಗ್ಯುಲೇಟರ್ ಬಂತು. ಹೆಚ್ಚಾದ ವೋಲ್ಟೇಜನ್ನು ಅದು ತಡೆದು ಬಲ್ಬನ್ನು ಉಳಿಸಿತು. ಕಡಿಮೆಯಾದದ್ದನ್ನು ಹೆಚ್ಚಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಹೀರೋ ಹೋಂಡಾ ಕಾಲದ ಬೈಕುಗಳಲ್ಲೂ ಗಾಡಿ ನಿಂತಲ್ಲೇ ಗುರುಗುಟ್ಟುವಾಗ ದೀಪ ಹಳದಿಗೆ ತಿರುಗಿ ಮಂಕಾಗುತ್ತಿತ್ತು.

ವಿದ್ಯುತ್ತಿನ ಕತೆ ಇಷ್ಟು. ನನಗೆ ಅದಕ್ಕಿಂತ ಅಚ್ಚುಮೆಚ್ಚಿನದು ಬಲ್ಬಿನ ಒಳಗಿನ ಏರ್ಪಾಟು.

ರಾಯದುರ್ಗದ ಒಂದು ಮೆಕ್ಯಾನಿಕ್ ಅಂಗಡಿಯಲ್ಲಿ ಕೂತು ನಾನದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹೆಡ್‌ಲೈಟಿನ ಡೂಮ್ ಬಿಚ್ಚಿ, ಹಿಂದಿನ ರಬ್ಬರ್ ಟೊಪ್ಪಿಗೆ ಎಳೆದು, ಸ್ಪ್ರಿಂಗ್ ಕ್ಲಿಪ್ ಸರಿಸಿದರೆ ಬಲ್ಬು ಹೊರಗೆ ಬರುತ್ತದೆ. ಬೈಕುಗಳಲ್ಲಿ ಹೆಚ್ಚಾಗಿ ಇರುವುದು 35/35 ವ್ಯಾಟಿನ ಹ್ಯಾಲೊಜನ್. ಕಾರಿನ ಎಚ್4 ಬಲ್ಬಿನ ತಮ್ಮ. ಅದರ ಬುಡದ ಲೋಹದ ಬಳೆಗೆ ಮೂರು ಕಿವಿಗಳು. ಒಂದು ಉಳಿದೆರಡಕ್ಕಿಂತ ಅಗಲ. ಬೇಕೆಂದರೂ ಬಲ್ಬನ್ನು ತಿರುಗುಮುರುಗು ಕೂರಿಸಲು ಆಗಬಾರದೆಂದು ಹಾಗೆ ಮಾಡಿದ್ದಾರೆ. ಗಾಜಿನ ನೆತ್ತಿಗೆ ಕಪ್ಪು ಬಳಿದಿರುತ್ತದೆ. ಒಳಗೆ ಒಂದರ ಮುಂದೆ ಒಂದು, ಎರಡು ಸಣ್ಣ ಸುರುಳಿ ತಂತಿಗಳು. ಮುಂದಿನ ಸುರುಳಿಯ ಕೆಳಗೆ, ಉಗುರಿಗಿಂತ ಚಿಕ್ಕದಾದ ಒಂದು ಲೋಹದ ತಗಡು, ಬಾಗಿಸಿ ಅಡ್ಡ ಇಟ್ಟದ್ದು.

"ಗಾಜು ಮುಟ್ಟಬೇಡಿ ಅಣ್ಣ, ಬುಡ ಹಿಡ್ಕೊಳ್ಳಿ" ಎಂದ ಅಂಗಡಿಯ ಹುಡುಗ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ವಿಪರೀತ ಕಾದು ಹಾಳಾಗುತ್ತದೆ. ಒಳಗಿನ ಟಂಗ್‌ಸ್ಟನ್ ತಂತಿ ಸುಮಾರು 3,000 ಡಿಗ್ರಿಯವರೆಗೆ ಕಾಯುತ್ತದೆ. ಹಾಗೆ ಕಾದ ತಂತಿ ಕಣಕಣವಾಗಿ ಆವಿಯಾಗುತ್ತ ಹೋಗುತ್ತದೆ. ಹಳೆಯ ಬಲ್ಬುಗಳ ಗಾಜು ಒಳಗಿಂದ ಕಪ್ಪಿಡುತ್ತಿದ್ದದ್ದು ಈ ಆವಿಯಿಂದಲೇ. ಹ್ಯಾಲೊಜನ್ ಬಲ್ಬಿನಲ್ಲಿ ತುಂಬಿದ ಅಯೊಡಿನ್ ಅಥವಾ ಬ್ರೋಮಿನ್ ಆ ಆವಿಯ ಜೊತೆ ಕೂಡಿಕೊಂಡು ಅದನ್ನು ಮತ್ತೆ ತಂತಿಯ ಬಳಿಗೇ ಒಯ್ದು ಬಿಡುತ್ತದೆ. ಗಾಜು ತಿಳಿಯಾಗಿ ಉಳಿಯುತ್ತದೆ.

ಈಗ ಆ ಲೋಹದ ತಗಡಿನ ವಿಚಾರ. ಡೂಮಿನ ಒಳಗೆ ಹೊಳೆಯುವ ಬಟ್ಟಲು ಪರವಲಯದ ಆಕಾರದ್ದು. ಅದರ ನಾಭಿಯಲ್ಲಿ ದೀಪವಿಟ್ಟರೆ ಬೆಳಕೆಲ್ಲ ಒಂದಕ್ಕೊಂದು ಸಮಾನಾಂತರವಾಗಿ ಮುಂದಕ್ಕೆ ಹೊರಡುತ್ತದೆ. ಹಿಂದಿನ ಸುರುಳಿ ಇರುವುದು ಆ ನಾಭಿಯಲ್ಲೇ. ಅದು ಹೈ ಬೀಮ್. ಮುಂದಿನ ಸುರುಳಿ ನಾಭಿಗಿಂತ ತುಸು ಮುಂದಿದೆ. ಅಲ್ಲಿಂದ ಬಟ್ಟಲಿನ ಮೇಲರ್ಧಕ್ಕೆ ಬಿದ್ದ ಬೆಳಕು ಪ್ರತಿಫಲಿಸಿ ಕೆಳಗೆ, ರಸ್ತೆಯ ಕಡೆಗೆ ಬಾಗುತ್ತದೆ. ಕೆಳಗಿನ ಅರ್ಧಕ್ಕೆ ಬಿದ್ದರೆ ಅದು ಮೇಲಕ್ಕೆ, ಎದುರಿನವನ ಮುಖಕ್ಕೆ ಚಿಮ್ಮುತ್ತಿತ್ತು. ಆ ಅರ್ಧಕ್ಕೆ ಬೆಳಕೇ ಬೀಳದಂತೆ ತಗಡು ತಡೆದು ನಿಲ್ಲಿಸಿದೆ. ಕರೆಂಟು ಹೋದ ರಾತ್ರಿ ಅಜ್ಜಿ ಬುಡ್ಡಿದೀಪ ಹಿಡಿದು ಹಜಾರ ದಾಟುವಾಗ ಮಲಗಿದ ಮಕ್ಕಳ ಕಣ್ಣಿಗೆ ಬೀಳದಂತೆ ಅಂಗೈ ಅಡ್ಡ ಹಿಡಿಯುತ್ತಿದ್ದಳಲ್ಲ, ಆ ಅಂಗೈ ಇದು. ಸುರುಳಿಯಿಂದ ಹೊರಟ ಬೆಳಕಿನ ದೊಡ್ಡ ಪಾಲನ್ನು ಎದುರಿನವನಿಗಾಗಿ ಬೇಕೆಂದೇ ಬಿಟ್ಟುಕೊಟ್ಟಿದ್ದಾರೆ. ಎಡಗೈ ಹೆಬ್ಬೆರಳಿನಿಂದ ಡಿಮ್‌ಗೆ ಒತ್ತಿದಾಗ ಆಗುವುದು ಇಷ್ಟೆ: ಹಿಂದಿನ ತಂತಿ ಆರಿ ಮುಂದಿನದು ಹೊತ್ತಿಕೊಳ್ಳುತ್ತದೆ. ಕೆಲವು ಮಿಲಿಮೀಟರುಗಳ ಅಂತರ, ಒಂದು ಚೂರು ತಗಡು.

ಮೊದಲೆಲ್ಲ ಬಸ್ಸು, ಲಾರಿ, ಬೈಕುಗಳ ಹೆಡ್‌ಲೈಟಿನ ಗಾಜಿಗೆ ಕಪ್ಪು ಬೊಟ್ಟು ಇಡುತ್ತಿದ್ದರು, ಇಲ್ಲವೇ ಮೇಲಿನ ಅರ್ಧಕ್ಕೆ ಕಪ್ಪು ಬಳಿಯುತ್ತಿದ್ದರು. ಉದ್ದೇಶ ಅದೇ. ಆದರೆ ಗಾಜಿನ ಮೇಲೆ ಬಳಿದ ಬಣ್ಣ ಹೈ ಬೀಮಿನಲ್ಲೂ ಬೆಳಕು ನುಂಗುತ್ತದೆ, ತಗಡು ಬೇಕಾದಾಗ ಮಾತ್ರ ತಡೆಯುತ್ತದೆ. ಹಳೆಯ ಡೂಮುಗಳ ಗಾಜಿನಲ್ಲಿದ್ದ ಉದ್ದುದ್ದ ಗೆರೆಗಳಿಗೂ ಕೆಲಸವಿತ್ತು; ಅವು ಸಣ್ಣ ಪ್ರಿಸಮ್ಮುಗಳು, ಬೆಳಕನ್ನು ಎಡಬಲಕ್ಕೆ ಹರಡಿ ರಸ್ತೆಯಂಚಿನ ಜಾಲಿಕಂಟಿ ತೋರಿಸುತ್ತಿದ್ದವು. ಈಗ ಗಾಜಿನ ಜಾಗಕ್ಕೆ ನುಣ್ಣನೆಯ ಪ್ಲಾಸ್ಟಿಕ್ ಬಂದಿದೆ. ಹರಡುವ ಕೆಲಸವನ್ನು ಒಳಗಿನ ಬಟ್ಟಲಿನ ಮಡಿಕೆಗಳು ಮಾಡುತ್ತವೆ. ಆ ಪ್ಲಾಸ್ಟಿಕ್ ನಮ್ಮ ಬಿಸಿಲಿಗೆ ವರ್ಷ ಕಳೆದಂತೆ ಹಳದಿಯಾಗುತ್ತದೆ, ಧೂಳಿಗೆ ಗೀರಾಗುತ್ತದೆ. ಮುಂಗಾರಿನ ಮೊದಲ ಮಳೆಗೆ ಎದ್ದ ಈಚಲು ಹುಳುಗಳು ಒಂದೇ ಸಂಜೆಯಲ್ಲಿ ಅದನ್ನು ಮೆತ್ತಿಬಿಡುತ್ತವೆ. ಗಾಜು ಕೊಳೆಯಾದರೆ ಬೆಳಕು ಬರೀ ಕಡಿಮೆಯಾಗುವುದಿಲ್ಲ, ಚದುರುತ್ತದೆ. ತಗಡು ತಡೆದದ್ದನ್ನು ಕೊಳೆ ಮತ್ತೆ ಮೇಲಕ್ಕೆ ಎರಚುತ್ತದೆ. ಒಂದು ಒದ್ದೆ ಬಟ್ಟೆ ಸಾಕು.

ಇಷ್ಟೆಲ್ಲ ಕಸರತ್ತು ಯಾಕೆಂದರೆ ಕಣ್ಣಿನ ಸಲುವಾಗಿ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಅಕ್ಷಿಪಟಲದಲ್ಲಿ ರೊಡಾಪ್ಸಿನ್ ಎಂಬ ವಸ್ತು ಕತ್ತಲಲ್ಲಿ ನಿಧಾನವಾಗಿ ಕೂಡಿಕೊಳ್ಳುತ್ತದೆ, ಜೋರು ಬೆಳಕು ಬಿದ್ದರೆ ಕ್ಷಣದಲ್ಲಿ ಬಿಳಚಿಕೊಳ್ಳುತ್ತದೆ. ಎದುರಿನ ಗಾಡಿ ದಾಟಿ ಹೋದ ಮೇಲೂ ಎರಡು ಮೂರು ಸೆಕೆಂಡು ನಮಗೆ ಏನೂ ಕಾಣದಿರುವುದು ಅದಕ್ಕೇ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ಮೂರು ಸೆಕೆಂಡಿಗೆ 50 ಮೀಟರ್ ಕಣ್ಣು ಕಟ್ಟಿಕೊಂಡು ಓಡಿಸಿದ ಲೆಕ್ಕ. ಕಣ್ಣಿಗೆ ಪೊರೆ ಬರುತ್ತಿರುವ ವಯಸ್ಸಿನವರಿಗಂತೂ ಇನ್ನೂ ಹೆಚ್ಚು, ಯಾಕೆಂದರೆ ಪೊರೆ ಬೆಳಕನ್ನು ಕಣ್ಣಿನೊಳಗೇ ಚದುರಿಸುತ್ತದೆ.

ನನ್ನ ಚಿಕ್ಕಪ್ಪ ಬಿದ್ದದ್ದು ಹೀಗೆಯೇ. ಎದುರಿಗೆ ಬಂದವನು ಡಿಮ್ ಮಾಡಲಿಲ್ಲ. ಅವನು ದಾಟಿದ ಮೇಲಿನ ಕುರುಡುಗತ್ತಲಲ್ಲಿ ಚಿಕ್ಕಪ್ಪನ ಗಾಡಿ ಹುರುಳಿ ರಾಶಿಯ ಅಂಚಿನ ಕಲ್ಲಿಗೆ ಹತ್ತಿತು. ಮೊಣಕೈ ಮುರಿಯಿತು. ಎಂದೂ ಯಾರನ್ನೂ ಬೈಯದ ಮನುಷ್ಯ, ಆಸ್ಪತ್ರೆಯಲ್ಲಿ ಕೈ ಕಟ್ಟಿಸಿಕೊಳ್ಳುತ್ತ, "ಒಂದು ಬೆರಳು ಆಡಿಸಿದ್ದರೆ ಸಾಕಾಗಿತ್ತಲ್ಲಪ್ಪ" ಎಂದರು. ಆ ಮಾತು ಕೇಳಿದಾಗಿನಿಂದ ಎದುರಿಗೆ ಬೆಳಕು ಕಂಡ ಕೂಡಲೇ ನನ್ನ ಹೆಬ್ಬೆರಳು ತಾನಾಗಿ ಡಿಮ್‌ಗೆ ಹೋಗುತ್ತದೆ. ಎದುರಿನವನು ಇಳಿಸದಿದ್ದರೆ ನಾನು ಏರಿಸಿ ಸೇಡು ತೀರಿಸುವುದಿಲ್ಲ. ಒಬ್ಬ ಕುರುಡನ ಜಾಗದಲ್ಲಿ ಇಬ್ಬರು ಕುರುಡರಾದರೆ ಆ ಒಂದು ಗಾಡಿ ಅಗಲದ ರಸ್ತೆಯಲ್ಲಿ ಯಾರಿಗೆ ಏನು ಲಾಭ? ವೇಗ ಇಳಿಸಿ, ಅವನ ದೀಪ ನೋಡದೆ ನನ್ನ ಎಡಗಡೆಯ ರಸ್ತೆಯಂಚನ್ನು ನೋಡುತ್ತ ಹೋಗುತ್ತೇನೆ.

ಈಗಿನ ಕಾಲದ ದೀಪ ಎಲ್‌ಇಡಿ. ಅದರ ಹಿಂದೆ ದೊಡ್ಡ ವಿಜ್ಞಾನವಿದೆ. ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ನೀಲಿ ಬೆಳಕಿನ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪಿಸಿದರೆ ಕಣ್ಣಿಗೆ ಬಿಳಿ ಕಾಣುತ್ತದೆ. ಕಡಿಮೆ ವ್ಯಾಟಿನಲ್ಲಿ ಹೆಚ್ಚು ಬೆಳಕು, ಬ್ಯಾಟರಿಯ ಡಿಸಿ ಕರೆಂಟಿನಲ್ಲಿ ಉರಿಯುವುದರಿಂದ ಆಕ್ಸಿಲೇಟರ್ ಬಿಟ್ಟರೂ ಮಂಕಾಗದು. ಚಿಕ್ಕಪ್ಪನ ಕಾಲದ ಗುಂಡಿಯ ಕಷ್ಟ ತೀರಿತು. ಕಂಪನಿಯೇ ಎಲ್‌ಇಡಿಗೆಂದು ರೂಪಿಸಿದ ಡೂಮಿನಲ್ಲಿ ನನಗೆ ಯಾವ ತಕರಾರೂ ಇಲ್ಲ.

ತಕರಾರು ಇರುವುದು ಹ್ಯಾಲೊಜನ್ ಡೂಮಿಗೆ ಹೊರಗಿನಿಂದ ತಂದು ತುರುಕುವ ಎಲ್‌ಇಡಿ ಬಲ್ಬಿನ ಮೇಲೆ. ಬುಡದ ಮೂರು ಕಿವಿಗಳು ಸರಿಯಾಗಿ ಕೂರುತ್ತವೆ, ಹೊತ್ತಿದ ಕೂಡಲೇ ಹಾಲಿನಂಥ ಬೆಳಕು ಬರುತ್ತದೆ, ಹುಡುಗರಿಗೆ ಖುಷಿ. ಆದರೆ ಆ ಬಟ್ಟಲು ಲೆಕ್ಕ ಹಾಕಿರುವುದು ಕೂದಲಿನಂಥ ಒಂದು ಸುರುಳಿ ಇಂತಿಂಥ ಮಿಲಿಮೀಟರಿನಲ್ಲಿ ಇರುತ್ತದೆ ಎಂದು. ಅಲ್ಲಿ ಚಿಪ್ಪುಗಳ ಸಾಲು ಬೇರೆ ಅಳತೆಯಲ್ಲಿ, ಬೇರೆ ದಿಕ್ಕಿಗೆ ಮುಖ ಮಾಡಿ ಕೂತರೆ ಲೆಕ್ಕವೆಲ್ಲ ತಪ್ಪುತ್ತದೆ. ಬೆಳಕಿಗೂ ಕತ್ತಲಿಗೂ ನಡುವೆ ಇರಬೇಕಾದ ಗೆರೆ ಅಳಿಸಿಹೋಗಿ, ಡಿಮ್‌ನಲ್ಲೂ ಮುಖಕ್ಕೇ ಹೊಡೆಯುತ್ತದೆ. ಓಡಿಸುವವನಿಗೆ ಗಾಡಿಯ ಮುಂದೆ ನಾಲ್ಕು ಮಾರು ಬೆಳ್ಳಗೆ ಕಾಣುವುದರಿಂದ ಚೆನ್ನಾಗಿ ಕಾಣುತ್ತಿದೆ ಎನಿಸುತ್ತದೆ; ಆ ಹತ್ತಿರದ ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗಿ, ದೂರದ ಕುರಿಮಂದೆ ಮೊದಲಿಗಿಂತ ತಡವಾಗಿ ಕಾಣುತ್ತದೆ. ಅಪ್ಪಂದಿರೇ, ಅದನ್ನು ತೆಗೆದು ಹಳೆಯ 35/35 ಬಲ್ಬು ಹಾಕಿಸಿಕೊಳ್ಳಿ ಎಂದು ನಾನು ಸಂತೆಯಲ್ಲಿ ನಿಂತು ಹೇಳಿದ್ದೇನೆ, ಮದುವೆ ಮನೆಯಲ್ಲಿ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತಿದ್ದೇನೆ.

ಕುರಿಮಂದೆ ಎಂದೆನಲ್ಲ, ಕುರಿಗಳೇ ಈ ರಸ್ತೆಯ ನಿಜವಾದ ರೇಡಿಯಂ. ಅವುಗಳ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಪದರವೊಂದಿದೆ. ಒಳಹೋದ ಬೆಳಕನ್ನು ಅದು ಬಂದ ದಾರಿಯಲ್ಲೇ ಮರಳಿಸುತ್ತದೆ. ದೂರದ ಕತ್ತಲಲ್ಲಿ ಹಸಿರು ಚುಕ್ಕಿಗಳು ಜೋಡಿಜೋಡಿಯಾಗಿ ಹೊಳೆದರೆ ಮೈ ಕಾಣುವ ಮೊದಲೇ ಮಂದೆ ಗೊತ್ತಾಗುತ್ತದೆ. ಹಿಂದೆ ಬರುವ ಕುರುಬನ ಕರಿಕಂಬಳಿ ಮಾತ್ರ ಕೊನೆಯವರೆಗೂ ಕಾಣುವುದಿಲ್ಲ. ಕುರಿ ಕಂಡರೆ ಕುರುಬನಿದ್ದಾನೆ ಎಂದು ತಿಳಿದುಕೊಳ್ಳಬೇಕು.

2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ದೀಪ ಆರಿಸುವ ಸ್ವಿಚ್ಚೇ ಇಲ್ಲ. ಎಂಜಿನ್ನು ಹೊತ್ತಿದರೆ ದೀಪವೂ ಹೊತ್ತಬೇಕು. ಹಗಲಲ್ಲೂ ಬೈಕು ಇತರರ ಕಣ್ಣಿಗೆ ಬೀಳಲಿ ಎಂದು. ಬಂದ ಹೊಸದರಲ್ಲಿ ಎದುರಿಗೆ ಬರುವವರೆಲ್ಲ ಕೈ ಎತ್ತಿ ಬೆರಳುಗಳನ್ನು ಮುಚ್ಚಿ ಬಿಚ್ಚಿ ತೋರಿಸುವರು, ಲೈಟು ಉರಿಯುತ್ತಿದೆ ಆರಿಸಿರಿ ಎಂಬ ಸನ್ನೆ. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರೂ ಎದ್ದು ನಿಂತು ಸನ್ನೆ ಮಾಡಿದ್ದುಂಟು. ಗುರುತಿಲ್ಲದವನ ಬ್ಯಾಟರಿ ಖಾಲಿಯಾದೀತೆಂದು ಹಗಲಲ್ಲಿ ಇಷ್ಟು ಮರುಗುವ ಜನ ನಾವು. ರಾತ್ರಿ ಅದೇ ಕೈ ಡಿಮ್ ಸ್ವಿಚ್ಚಿಗೆ ಯಾಕೆ ಹೋಗುವುದಿಲ್ಲ ಎಂದು ಬಹಳ ಯೋಚಿಸಿದ್ದೇನೆ. ಬಹುಮಂದಿಗೆ ತಮ್ಮ ದೀಪ ಎದುರಿನಿಂದ ಹೇಗೆ ಕಾಣುತ್ತದೆ ಎಂದೇ ಗೊತ್ತಿಲ್ಲ, ನೋಡಲು ಅವಕಾಶವೇ ಬಂದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಎದುರಿನವನ ಕಣ್ಣಿಗೆ ಬೆಳಕು ಹೊಡೆಯಲು ಇನ್ನೊಂದು ಕಾರಣ ನಮ್ಮ ಸೀಮೆಗೆ ವಿಶೇಷವಾದದ್ದು, ಮೂಟೆ. ಇಲ್ಲಿ ಬೈಕು ಖಾಲಿ ಓಡುವುದು ಅಪರೂಪ. ಹಿಂದೆ ಶೇಂಗಾ ಚೀಲ, ಹಿಂಡಿ ಚೀಲ, ಹಾಲಿನ ಕ್ಯಾನು, ಇಲ್ಲವೇ ಹೆಂಡತಿ, ಎರಡು ಮಕ್ಕಳು. ಭಾರಕ್ಕೆ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿ ಗಾಡಿಯ ಮೂತಿ ಮೇಲೇಳುತ್ತದೆ. ಎರಡು ಚಕ್ರಗಳ ನಡುವಿನ ಅಂತರ ಸುಮಾರು 125 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹಿಂಭಾಗ ಬರೀ 3 ಸೆಂಟಿಮೀಟರ್ ಕುಸಿದರೂ ಬೆಳಕು ನೂರಕ್ಕೆ 2.4ರಷ್ಟು ಮೇಲಕ್ಕೆ ತಿರುಗುತ್ತದೆ. ಡಿಮ್ ಬೆಳಕಿನ ಅಂಚು ಹತ್ತು ಮೀಟರಿಗೆ ಹತ್ತು ಸೆಂಟಿಮೀಟರಿನಂತೆ, ಅಂದರೆ ನೂರಕ್ಕೆ ಒಂದರಂತೆ ಇಳಿಜಾರಾಗಿ ಇಟ್ಟಿದ್ದರೆ, ಆ ಇಳಿಜಾರು ಮುಗಿದು ಬೆಳಕು ಏರುಮುಖವಾಗುತ್ತದೆ. 50 ಮೀಟರ್ ದೂರದಲ್ಲಿ ಅದು ಇರಬೇಕಾದದ್ದಕ್ಕಿಂತ 1.2 ಮೀಟರ್ ಮೇಲೆ, ಸರಿಯಾಗಿ ಎದುರಿನ ಸವಾರನ ಕಣ್ಣಿನ ಮಟ್ಟಕ್ಕೆ. ಸ್ವಿಚ್ಚು ಡಿಮ್‌ನಲ್ಲೇ ಇದೆ, ಓಡಿಸುವವನು ಸಭ್ಯನೇ, ಆದರೂ ಎದುರಿನವನು ಕುರುಡಾಗುತ್ತಾನೆ.

ಇದನ್ನು ನಾನು ರಾಯದುರ್ಗದ ಆ ಮೆಕ್ಯಾನಿಕ್ಕನ ಮುಂದೆ ಹೇಳಿದಾಗ ಅವನಿಗದು ಹೊಸ ಸುದ್ದಿಯಾಗಿರಲಿಲ್ಲ. "ಫೋಕಸ್ ಸೆಟ್ ಮಾಡು ಅಂತ ಎಲ್ಲರೂ ಖಾಲಿ ಗಾಡಿ ತರ್ತಾರಣ್ಣ. ನೀವು ದಿನಾ ಏನು ಹೇರ್ಕೊಂಡು ಓಡಾಡ್ತೀರೋ ಅದನ್ನ ಹೇರ್ಕೊಂಡೇ ಬನ್ನಿ" ಎಂದ. ಮರುದಿನ ಸಂಜೆ ನಾನು ಹಿಂಡಿ ಚೀಲದ ಸಮೇತ ಹೋದೆ. ಅಂಗಡಿಯ ಎದುರಿನ ಗೋಡೆಯಿಂದ ಹತ್ತು ಮೀಟರ್ ಅಳೆದು ಅವನು ನೆಲದಲ್ಲಿ ಬಣ್ಣದ ಪಟ್ಟಿ ಬಳಿದಿದ್ದಾನೆ. ಟೈರಿನ ಗಾಳಿ ನೋಡಿದ. ಮುಂದಿನ ಚಕ್ರ ಪಟ್ಟಿಯ ಮೇಲೆ ನಿಲ್ಲಿಸಿ, ನನ್ನನ್ನು ಸೀಟಿನ ಮೇಲೆ ಕೂರಿಸಿ, ಸ್ಟ್ಯಾಂಡ್ ತೆಗೆಸಿದ. ಡೂಮಿನ ನಡುಮಧ್ಯದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದರ ಕೆಳಗೆ ಹತ್ತು ಸೆಂಟಿಮೀಟರಿಗೆ ಇನ್ನೊಂದು ಗೆರೆ. ಡಿಮ್ ಹಾಕಿದರೆ ಬೆಳಕಿನ ಅಂಚು ಎರಡೂ ಗೆರೆ ದಾಟಿ ಮೇಲಿತ್ತು. ಡೂಮಿನ ಕೆಳಗಿನ ಸ್ಕ್ರೂವನ್ನು ಅವನು ತಿರುಗಿಸುತ್ತ ಹೋದಂತೆ ಅಂಚು ಇಳಿಯುತ್ತ ಬಂದು ಕೆಳಗಿನ ಗೆರೆಗೆ ಕೂತಿತು. ಖಾಲಿ ಇದ್ದಾಗ ಬೆಳಕು ಸ್ವಲ್ಪ ಹತ್ತಿರಕ್ಕೆ ಬೀಳುತ್ತದೆ, ನಿಧಾನ ಹೋಗಿ ಎಂದ. ಈ ಕೆಲಸಕ್ಕೆ ಅವನು ದುಡ್ಡು ತೆಗೆದುಕೊಳ್ಳುವುದಿಲ್ಲ. ಕತ್ತಲಾದ ಮೇಲೆ ಹೋಗಬೇಕು, ಹಗಲಲ್ಲಿ ಗೋಡೆಯ ಮೇಲೆ ಅಂಚು ಕಾಣದು. ಅಂಗಡಿ ಎಂಟೂವರೆಯವರೆಗೆ ತೆರೆದಿರುತ್ತದೆ.